ಸಿಂಗಾರದ ಬೋರ್ಡು, ಬೀಗದ ಬೀರು

ನಮ್ಮೂರಿನ ಶಾಲೆಯೊಂದರ ಲೈಬ್ರರಿ ಬೋರ್ಡು ಮದುವೆ ಮಂಟಪದಂತಿದೆ. ಥರ್ಮೋಕೋಲಿನ ಅಕ್ಷರ, ಜರಿ ಕಾಗದದ ಅಂಚು, ನಡುವೆ ಕುವೆಂಪು ಭಾವಚಿತ್ರ, ಕೆಳಗೆ ‘ಜ್ಞಾನಪೀಠ, 1967’. ಮಕ್ಕಳ ಕೈಕೆಲಸವೆಂದು ತಿಳಿದಿರಾ? ರಾತ್ರಿ ಪಾತ್ರೆ ತೊಳೆದಿಟ್ಟು, ಗೋಂದು ಹಿಡಿದು ಕೂತ ನಮ್ಮಂಥ ತಾಯಂದಿರದು! ಪಕ್ಕದಲ್ಲೇ ಪುಸ್ತಕದ ಬೀರು. ಅದಕ್ಕೆ ಬೀಗ. ಕಳೆದುಹೋದರೆ ಯಾರು ಹೊಣೆ ಎನ್ನುತ್ತಾರೆ.

ಹಾಗಾದರೆ ಈ ಬೋರ್ಡು ಯಾತಕ್ಕೆ? ಪ್ರಶಸ್ತಿಯ ಇಸವಿ ಪರೀಕ್ಷೆಗೆ ಬೇಕಾದೀತು, ಅದನ್ನು ಓದಿ ಯಾವ ಮಗುವೂ ಪುಸ್ತಕ ಕೇಳುವುದಿಲ್ಲ. ಅದರ ಬದಲು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಇಲಿಗಳನ್ನು ಐದನೇ ಕ್ಲಾಸಿನ ಹುಡುಗಿಯೇ ಬಿಡಿಸಲಿ. ‘ಇವೆಲ್ಲ ಎಲ್ಲಿಗೆ ಹೊರಟಿವೆ? ಎರಡನೇ ಸಾಲಿನ ಪುಸ್ತಕ ನೋಡಿ’ ಎಂದು ಬರೆದು ಅಂಟಿಸಲಿ. ಅಕ್ಷರ ಸೊಟ್ಟಗಿದ್ದರೆ ಇರಲಿ, ಇಲಿಗೆ ಐದು ಕಾಲಿದ್ದರೂ ಇರಲಿ. ಓದಿದವರು ಪಕ್ಕದಲ್ಲಿ ಒಂದು ಚೀಟಿ ಸಿಕ್ಕಿಸಲಿ. ‘ನನಗೆ ಬೇಜಾರಾಯಿತು’ ಎಂದು ಬರೆದರೂ ಕಿತ್ತುಹಾಕಬೇಡಿ. ಬೋರ್ಡು ಮಾತ್ರ ಮಕ್ಕಳ ಕಣ್ಣಿನ ಎತ್ತರಕ್ಕಿರಬೇಕು. ಈಗಿರುವುದು ಇನ್‌ಸ್ಪೆಕ್ಟರರ ಎತ್ತರಕ್ಕೆ.

ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ 1931ರಷ್ಟು ಹಿಂದೆಯೇ, ಪುಸ್ತಕವಿರುವುದು ಬಳಸುವುದಕ್ಕೆ ಎಂಬುದನ್ನೇ ಮೊದಲ ಸೂತ್ರವಾಗಿಟ್ಟರು. ಅವರ ನೆನಪಿಗೆಂದೇ ಆಗಸ್ಟ್ 12, ಗ್ರಂಥಪಾಲಕರ ದಿನ. ಅಂದೂ ಬೋರ್ಡಿನಲ್ಲಿ ಅವರ ಚಿತ್ರ, ಚಿತ್ರಕ್ಕೆ ಹಾರ. ಬೀಗ ಇದ್ದಲ್ಲೇ ಇದೆ.

ಮುಂದಿನ ಸಲ ಮಗಳು ಬಂದು ‘ಅಮ್ಮಾ, ಜರಿ ಕಾಗದ ತರಬೇಕಂತೆ’ ಎಂದರೆ, ಕಾಸು ಕೊಡುವ ಮೊದಲು ಶಾಲೆಗೇ ಹೋಗಿ, ಬೀರುವಿನ ಬೀಗದಕೈ ಯಾರ ಹತ್ತಿರವಿದೆ ಎಂದು ಕೇಳಿ.