ಗಾಡಿಯ ತೂಕವೂ ದುಡಿಮೆಗಾರನ ಲೈಸೆನ್ಸೂ

ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ ಹುಡುಗನು ಕಾಲಕ್ರಮದಲ್ಲಿ ಅಕ್ಕಿ, ತರಕಾರಿ ತರುವ ಗಾಡಿಯ ಡ್ರೈವರನಾಗುವುದೂ, ಗಿರಣಿಯಲ್ಲಿ ಮೂಟೆ ಹೊರುವವನು ಕ್ಲೀನರನಾಗಿ, ಅನಂತರ ಲಾರಿಯ ಚಕ್ರ ಹಿಡಿಯುವುದೂ ಹೊಸ ಸಂಗತಿಯೇನಲ್ಲ. ದುಡಿಯುವವನು ಮೇಲೇರಲು ಇರುವ ಕೆಲವೇ ಮೆಟ್ಟಿಲುಗಳಲ್ಲಿ ಇದೂ ಒಂದು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಜಾದವ್‌ಪುರದ ನಮ್ಮ ಸೋದರರು ಗಾಡಿ ಏರುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಗಾಡಿಯ ತೂಕವೆಷ್ಟು? ನನ್ನ ಲೈಸೆನ್ಸು ಆ ತೂಕಕ್ಕೆ ಸಲ್ಲುತ್ತದೆಯೇ?

1988ರ ಮೋಟಾರು ವಾಹನ ಕಾಯಿದೆಯು 7,500 ಕಿಲೋ ಎಂಬ ಗೆರೆಯನ್ನು ಎಳೆದಿದೆ. ಸರಕಿನ ಗಾಡಿಯ ಸ್ವಂತ ತೂಕ ಮತ್ತು ಅದು ಹೊರಬಹುದಾದ ಗರಿಷ್ಠ ಹೊರೆ ಸೇರಿ ಈ ಗೆರೆಯೊಳಗಿದ್ದರೆ ಅದು ಲಘು ವಾಹನ. ಈ ಲೆಕ್ಕ ನೋಂದಣಿ ಪುಸ್ತಕದಲ್ಲಿಯೇ ಬರೆದಿರುತ್ತದೆ. "ಇವತ್ತು ಗಾಡಿ ಖಾಲಿ, ಯಾರು ಓಡಿಸಿದರೇನು" ಎನ್ನುವ ಮಾತು ನಡೆಯದು. ಖಾಲಿಯಿದ್ದರೂ ದೊಡ್ಡ ಲಾರಿ ದೊಡ್ಡ ಲಾರಿಯೇ.

ಲಘು ವಾಹನದ ಲೈಸೆನ್ಸು ಇದ್ದವನು ಬಾಡಿಗೆಯ ಸಣ್ಣ ಸರಕು ಗಾಡಿಯನ್ನು ಓಡಿಸಬಹುದೇ ಎಂಬ ವಿವಾದ ಬಹುಕಾಲ ನಡೆಯಿತು. 1994ರ ತಿದ್ದುಪಡಿಯಿಂದ ಹುಟ್ಟಿದ ಗೊಂದಲವನ್ನು ಹಿಡಿದು, ಬೇರೆ ಅನುಮತಿ ಇಲ್ಲವೆಂದು ವಿಮಾ ಕಂಪನಿಗಳು ಹಣ ಕೊಡಲು ತಕರಾರು ತೆಗೆಯುತ್ತಿದ್ದವು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರು ಡ್ರೈವರನ ಪರವಾಗಿ ತೀರ್ಪಿತ್ತರು. 2024ರ ನವೆಂಬರ್ 6ರಂದು ಐವರ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಲಕ್ಷಾಂತರ ಬಡ ಡ್ರೈವರರ ಅನ್ನ ಉಳಿಸಿದ ತೀರ್ಪು ಇದು.

ಆದರೆ ಈ ರಿಯಾಯಿತಿ 7,500 ಕಿಲೋಗಳಿಗೆ ಮುಗಿಯಿತು. ಅದಕ್ಕಿಂತ ಭಾರದ ಲಾರಿಗೆ ಬೇರೆ ಲೈಸೆನ್ಸು ಬೇಕು. ಇಪ್ಪತ್ತು ವರ್ಷ ತುಂಬಿರಬೇಕು. ಕಲಿಯುವ ಲೈಸೆನ್ಸು ಕೇಳುವ ಮೊದಲು ಲಘು ವಾಹನದ ಲೈಸೆನ್ಸು ಪಡೆದು ಕನಿಷ್ಠ ಒಂದು ವರ್ಷ ಕಳೆದಿರಬೇಕು. ಎಂಟನೆಯ ತರಗತಿ ಓದಿರಬೇಕೆಂಬ ನಿಯಮ 2019ರಲ್ಲಿ ರದ್ದಾಗಿದೆ; ಶಾಲೆ ಬಿಟ್ಟು ಊರು ಬಿಟ್ಟವರಿಗೆ ಇದೊಂದು ಬಾಗಿಲು. ಊರಿನಲ್ಲಿ ಪಡೆದ ಲೈಸೆನ್ಸು ಕಲ್ಕತ್ತೆಯಲ್ಲಿಯೂ ಸಲ್ಲುತ್ತದೆಂಬುದನ್ನೂ ನಮ್ಮವರು ತಿಳಿದಿರಲಿ.

ಇನ್ನು ಹೊರೆಯ ಮಾತು. 2018ರಲ್ಲಿ ಸರಕಾರವು ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಅಷ್ಟಾದರೂ ಕೆಲವು ಮಾಲೀಕರ ಆಸೆ ತೀರದು. ಒಂದು ಸಲಕ್ಕೆ ಆಗುವಷ್ಟು ತುಂಬಿಸಿ, ಒಂದು ಸರದಿಯ ಡೀಸೆಲ್ ಉಳಿಸುವ ಲೆಕ್ಕ ಅವರದು. ಹೊರೆ ಹೆಚ್ಚಿದಷ್ಟೂ ಬ್ರೇಕು ಹಿಡಿಯುವುದು ತಡ, ಟಯರು ಸಿಡಿಯುವ ಭಯ ಹೆಚ್ಚು. ಸುಕಾಂತ ಸೇತುವಿನ ಇಳಿಜಾರಿನಲ್ಲಿ ಅಂಥ ಗಾಡಿ ಕೈಮೀರಿದರೆ ಸಾಯುವವರು ಡ್ರೈವರು ಮತ್ತು ದಾರಿಹೋಕರೇ ಹೊರತು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಲ್ಲ.

2019ರ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ. ಹೆಚ್ಚಿದ ಪ್ರತಿ ಟನ್ನಿಗೆ ಮತ್ತೆ 2,000. ಎರಡು ಟನ್ನು ಹೆಚ್ಚು ತುಂಬಿದರೆ 24,000 ಆಯಿತು. ಗಾಡಿ ಓಡಿಸಿದವನೂ, ಓಡಿಸಲು ಬಿಟ್ಟವನೂ ಇದಕ್ಕೆ ಗುರಿ. ಡ್ರೈವರನು ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ತಿಳಿದೇ ಅಥವಾ ಅವನ ಅಪ್ಪಣೆಯಂತೆಯೇ ಈ ಅಪರಾಧ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದೆಂದು 113ನೆಯ ಕಲಮು ಹೇಳುತ್ತದೆ. ದಂಡವನ್ನೆಲ್ಲ ಡ್ರೈವರನ ಸಂಬಳದಲ್ಲಿ ಮುರಿದುಕೊಳ್ಳುವ ಧಣಿಗಳಿಗೆ ಈ ಕಲಮನ್ನು ಓದಿ ಹೇಳಬೇಕು.

ಸರಿಯಾದ ಲೈಸೆನ್ಸು ಇಲ್ಲದವನನ್ನು ಲಾರಿಗೆ ಕೂರಿಸಿ ಅಪಘಾತವಾದರೆ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಡ್ರೈವರನು ಕೋರ್ಟಿಗೆ ಅಲೆಯಬೇಕು. ನಾಲ್ಕು ಕಾಸು ಉಳಿಸಹೋಗಿ ಇಬ್ಬರೂ ಕೆಡುವ ದಾರಿ ಇದು.

ಆದುದರಿಂದ ನಮ್ಮ ಬೇಡಿಕೆ ಸರಳವಾಗಿದೆ. ಗಾಡಿ ಓಡಿಸು ಎನ್ನುವ ಯಜಮಾನರೇ ಕಲಿಕೆಯ ಮತ್ತು ಲೈಸೆನ್ಸಿನ ವೆಚ್ಚ ಭರಿಸಲಿ. ಡ್ರೈವರನಿಗೆ ನೋಂದಣಿ ಪುಸ್ತಕ ನೋಡುವ ಹಕ್ಕೂ, ಮಿತಿ ಮೀರಿದ ಹೊರೆಯನ್ನು ಒಲ್ಲೆನೆನ್ನುವ ಹಕ್ಕೂ ಇರಲಿ. ದಲ್ಲಾಳಿಗೆ ದುಡ್ಡು ಕೊಟ್ಟು, ಕಲಿಯದೆ ಲೈಸೆನ್ಸು ಪಡೆಯುವ ಆಸೆಯನ್ನು ನಮ್ಮ ತರುಣರು ಬಿಡಲಿ. ಅರ್ಜಿ ತುಂಬಲು ಬಾರದವರಿಗೆ ಸಂಘವು ವಾರಕ್ಕೊಂದು ಸಂಜೆ ನೆರವಾಗಬೇಕೆಂದು ನಾವು ಒತ್ತಾಯಿಸುತ್ತೇವೆ. ಒಬ್ಬನೇ "ಒಲ್ಲೆ" ಎಂದರೆ ಕೆಲಸ ಹೋದೀತು. ಎಲ್ಲರೂ ಕೂಡಿ ಹೇಳಿದರೆ ಹೊರೆ ಇಳಿದೀತು.