ಕ್ಲಚ್ಚಿನ ಸವೆತವೂ ಅದರ ಧೂಳೂ

ನಮ್ಮ ಪರಿಚಯದ ತರುಣರೊಬ್ಬರು ಬೇರೊಬ್ಬರು ಓಡಿಸಿ ಮಾರಿದ ಎರಡು ಆಸನಗಳ ಸ್ಪೋರ್ಟ್ಸ್ ಕಾರೊಂದನ್ನು ಬೆಂಗಳೂರಿನಲ್ಲಿ ಕೊಂಡು ಹಾಸನಕ್ಕೆ ತಂದರು. ಮೂರನೆಯ ತಿಂಗಳಿನಲ್ಲಿ, ಶಿರಾಡಿ ಘಾಟಿಯ ಏರಿನಲ್ಲಿ, ಲಾರಿಗಳ ಸಾಲಿನ ಹಿಂದೆ ಅದರ ಕ್ಲಚ್ಚು ಕೈಕೊಟ್ಟಿತು. ಎಂಜಿನ್ನು ಅಬ್ಬರಿಸುತ್ತಿತ್ತು, ಕಾರು ಮಾತ್ರ ಕದಲದು. "ಮೀಟರಿನಲ್ಲಿ ನಲವತ್ತು ಸಾವಿರ ಕಿಲೋಮೀಟರಷ್ಟೇ ಇತ್ತು, ಮಾರಿದವನು ಮೋಸ ಮಾಡಿದ" ಎಂಬುದು ಅವರ ದೂರು. ನಾವು ಇದನ್ನು ಒಪ್ಪಲಿಲ್ಲ. ಟೈರು ದಾರಿಯ ಲೆಕ್ಕದಲ್ಲಿ ಸವೆಯುತ್ತದೆ. ಕ್ಲಚ್ಚು ಸವೆಯುವುದು ಓಡಿಸುವವನ ಕಾಲಿನ ಲೆಕ್ಕದಲ್ಲಿ.

ಇದರ ಕಾರಣವನ್ನು ತಿಳಿಯಲು ಪ್ರಯೋಗಶಾಲೆಯ ಮರದ ತುಂಡನ್ನೂ ಘರ್ಷಣಾಂಕವನ್ನೂ ವಾಚಕರು ಒಮ್ಮೆ ನೆನೆಯಬೇಕು. ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿಗೂ ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ಮುಖಗಳಿಗೂ ಲೈನಿಂಗ್ ಹಚ್ಚಿದ ಬಿಲ್ಲೆಯೊಂದು ಸಿಕ್ಕಿಕೊಂಡಿರುತ್ತದೆ. ಇದೇ ಕ್ಲಚ್ ಪ್ಲೇಟು. ಇದು ಗೇರ್ ಬಾಕ್ಸಿನ ದಂಡದ ಮೇಲೆ ಕುಳಿತಿದೆ. ಪೆಡಲನ್ನು ತುಳಿದರೆ ಒತ್ತಡ ಸಡಿಲುತ್ತದೆ, ಬಿಟ್ಟರೆ ಬಿಗಿಯುತ್ತದೆ. ಪೂರ್ತಿ ಬಿಗಿದ ಮೇಲೆ ಜಾರುವಿಕೆಯಿಲ್ಲ. ಜಾರುವಿಕೆಯಿಲ್ಲದ ಕಡೆ ಸವೆತವೂ ಇಲ್ಲ. ಕ್ಲಚ್ಚಿನ ಆಯುಸ್ಸು ಕರಗುವುದೆಲ್ಲ ನಿಂತ ಕಾರು ಹೊರಟು ಎರಡು ವೇಗಗಳೂ ಒಂದಾಗುವ ಆ ಕೆಲವು ಕ್ಷಣಗಳಲ್ಲಿಯೇ.

ಆ ಕ್ಷಣಗಳಲ್ಲಿ ನಡೆಯುವುದೇನು? ಎಂಜಿನ್ನು ಒಂದೇ ವೇಗದಲ್ಲಿ ತಿರುಗುತ್ತಿದೆಯೆಂದೂ ರಸ್ತೆ ಸಮತಟ್ಟಾಗಿದೆಯೆಂದೂ ಇಟ್ಟುಕೊಳ್ಳೋಣ. ಪ್ಲೇಟಿನ ವೇಗ ಸೊನ್ನೆಯಿಂದ ಏರಿ ಎಂಜಿನ್ನಿನ ವೇಗವನ್ನು ಮುಟ್ಟಬೇಕು. ಸರಾಸರಿಯಲ್ಲಿ ಅದು ಎಂಜಿನ್ನಿನ ಅರ್ಧ ವೇಗದಲ್ಲಿರುತ್ತದೆ. ಎರಡು ಕಡೆಯೂ ತಿರುಚುಬಲ ಒಂದೇ. ಆದುದರಿಂದ ಎಂಜಿನ್ನು ಕೊಟ್ಟ ಶಕ್ತಿಯಲ್ಲಿ ಅರ್ಧ ಕಾರಿನ ಚಲನೆಯಾಗುತ್ತದೆ, ಉಳಿದರ್ಧ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಕ್ಲಚ್ಚು ಎಷ್ಟೇ ಉತ್ತಮವಾದುದಿರಲಿ, ಕಾಲನ್ನು ಬೇಗ ಬಿಡಲಿ, ನಿಧಾನವಾಗಿ ಬಿಡಲಿ, ಈ ಅರ್ಧ ತಪ್ಪದು. ನಮಗೆ ಭೌತವಿಜ್ಞಾನದಲ್ಲಿ ಅತ್ಯಂತ ಪ್ರಿಯವಾದ ಫಲಿತಾಂಶಗಳಲ್ಲಿ ಇದೂ ಒಂದು. ಪಠ್ಯಪುಸ್ತಕಗಳು ಇದನ್ನೇಕೆ ಬಿಡುತ್ತವೆಯೋ ತಿಳಿಯದು.

ಸವಾರರ ಸಹಿತ 1000 ಕಿಲೋಗ್ರಾಮ್ ತೂಗುವ ಕಾರು ಮೊದಲ ಗೇರಿನಲ್ಲಿ ಎಂಜಿನ್ನಿನ ಪ್ರತಿ ಸಾವಿರ ಸುತ್ತಿಗೆ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡುವುದಾದರೆ, ನಿಮಿಷಕ್ಕೆ 2000 ಸುತ್ತಿನಲ್ಲಿ ಹೊರಟಾಗ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಸುಮಾರು 10,000 ಜೂಲ್. ಗೆಳೆಯರ ಕಣ್ಣಿಗೆ ಬೀಳಲೆಂದು 4000 ಸುತ್ತಿನಲ್ಲಿ ಹೊರಟರೆ ಅದು ಇಮ್ಮಡಿಯಲ್ಲ, ನಾಲ್ಮಡಿ: 40,000 ಜೂಲ್. ಒಂದು ಸಣ್ಣ ಲೋಟ ನೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಸಾಕು.

ಏರಿನಲ್ಲಿ ಬ್ರೇಕಿನ ಬದಲು 'ಹಾಫ್ ಕ್ಲಚ್ಚಿ'ನಿಂದ ಕಾರನ್ನು ನಿಲ್ಲಿಸಿಕೊಳ್ಳುವುದಂತೂ ಇದಕ್ಕಿಂತ ಕೆಟ್ಟದ್ದು. ಹದಿನೈದಕ್ಕೆ ಒಂದರಂತೆ ಏರುವ ರಸ್ತೆಯಲ್ಲಿ, 1500 ಸುತ್ತಿನಲ್ಲಿ ಹೀಗೆ ನಿಂತರೆ ಎರಡು ಕಿಲೋವಾಟಿಗೂ ಮೀರಿದ ಶಾಖ ಪ್ಲೇಟಿಗೆ ಇಳಿಯುತ್ತದೆ. ಬಚ್ಚಲುಮನೆಯ ಗೀಸರಿನ ಸಾಮರ್ಥ್ಯ ಅಷ್ಟೇ ತಾನೆ? ಒಂದು ನಿಮಿಷದ ಈ ಆಟ ಹದಿಮೂರು ಬಾರಿ ಸಭ್ಯವಾಗಿ ಹೊರಡುವುದಕ್ಕೆ ಸಮ. ನಮ್ಮ ತರುಣರು ಘಾಟಿಯಲ್ಲಿ ಮುಕ್ಕಾಲು ಗಂಟೆ ಹೀಗೆಯೇ ತೆವಳಿದ್ದರೆಂದು ಆಮೇಲೆ ಒಪ್ಪಿಕೊಂಡರು.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಬರುವವನ ಕ್ಲಚ್ಚಿಗೆ ದಾರಿಯುದ್ದಕ್ಕೂ ಹೆಚ್ಚು ಕೆಲಸವಿಲ್ಲ. ಅರಕಲಗೂಡಿನಿಂದ ಬರುವವನಿಗೆ ಊರೂರಿಗೂ ರಸ್ತೆಯುಬ್ಬು, ದನಕರು, ನಿಂತ ಬಸ್ಸು. ದೂರ ಹೆಚ್ಚುಕಡಿಮೆ ಒಂದೇ ಆದರೂ ಸವೆತ ಒಂದೇ ಆಗದು. ಆದುದರಿಂದ ಹಳೆಯ ಕಾರನ್ನು ಕೊಳ್ಳುವವರು ಎಷ್ಟು ಓಡಿದೆಯೆಂದು ಕೇಳುವುದಕ್ಕಿಂತ ಯಾರು, ಎಲ್ಲಿ ಓಡಿಸಿದರೆಂದು ಕೇಳುವುದು ಲೇಸು. ಪರೀಕ್ಷೆಯೂ ಸುಲಭ: ಮೇಲಿನ ಗೇರಿನಲ್ಲಿ ಕಡಮೆ ವೇಗದಲ್ಲಿ ಹೋಗುತ್ತ ಆಕ್ಸಲರೇಟರನ್ನು ಒಮ್ಮೆಲೆ ಒತ್ತಬೇಕು. ಎಂಜಿನ್ನಿನ ಸುತ್ತು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ.

ಕ್ಲಚ್ಚನ್ನು ಬದಲಿಸಬೇಕಾದರೆ ಗೇರ್ ಬಾಕ್ಸನ್ನೇ ಕಳಚಬೇಕು. ಬಿಲ್ಲಿನ ದೊಡ್ಡ ಭಾಗ ಆ ಕೂಲಿಯದೇ. ಹೀಗಿರುವಾಗ ಪ್ಲೇಟೊಂದನ್ನೇ ಹಾಕಿಸಿ ಪ್ರೆಷರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಹಳೆಯವನ್ನೇ ಉಳಿಸುವುದು ಉಳಿತಾಯವಲ್ಲ. ಫ್ಲೈವೀಲಿನ ಮೇಲೆ ಶಾಖದ ನೀಲಿ ಕಲೆಗಳೂ ಬಿರುಕುಗಳೂ ಇವೆಯೇ ಎಂದು ಆಗಲೇ ನೋಡತಕ್ಕದ್ದು. ಇನ್ನು ಕೆಲವರಿಗೆ ಹೆಚ್ಚು ಬಲದ ಸ್ಪ್ರಿಂಗಿನ ಹುಚ್ಚು. ಬಿಗಿದ ಮೇಲೆ ಜಾರದಿರಲು ಅದು ನೆರವಾದೀತು. ಹೊರಡುವಾಗಿನ ಆ ಅರ್ಧವನ್ನು ಅದು ಒಂದು ಜೂಲಿನಷ್ಟೂ ತಗ್ಗಿಸಲಾರದು. ಕಾಲಿಗೆ ನೋವು ಮಾತ್ರ ಖಂಡಿತ.

ಸವೆದದ್ದು ಎಲ್ಲಿಗೆ ಹೋಯಿತೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಗೇರ್ ಬಾಕ್ಸಿನ ಮುಂದಿನ ಗೂಡಿನಲ್ಲಿ ಕಪ್ಪು ಧೂಳಾಗಿ ಕುಳಿತಿರುತ್ತದೆ. ಮೊದಲ ಮೋಟಾರುಗಳಲ್ಲಿ ಕ್ಲಚ್ಚಿಗೆ ಚರ್ಮವನ್ನು ಹೊದಿಸುತ್ತಿದ್ದರು. ಅದು ಬೇಗ ಸುಟ್ಟುಹೋಗುತ್ತಿತ್ತು. ಶಾಖಕ್ಕೆ ಜಗ್ಗದ ಕಲ್ನಾರು ಅದರ ಸ್ಥಾನಕ್ಕೆ ಬಂದು ಇಪ್ಪತ್ತನೆಯ ಶತಮಾನದ ಬಹುಭಾಗವನ್ನು ಆಳಿತು. ನಮ್ಮ ಹೊಳೆನರಸೀಪುರದ ಸುತ್ತಲಿನ, ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದಾದ ಶಿಲಾಪಟ್ಟಿಯಲ್ಲಿ ದೊರೆಯುವ ಖನಿಜಗಳಲ್ಲಿ ಇದೂ ಒಂದು. ಇದರ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ಕ್ಯಾನ್ಸರ್ ಉಂಟಾಗಬಹುದೆಂದು ಸಿದ್ಧವಾಗಿದೆ. ಭಾರತದಲ್ಲಿ ಇದರ ಹೊಸ ಗಣಿ ಗುತ್ತಿಗೆಗಳನ್ನು 1986ರಲ್ಲಿಯೇ ನಿಲ್ಲಿಸಿದರು. ಘರ್ಷಣೆಯ ಶಾಖದಿಂದ ಧೂಳಿನಲ್ಲಿರುವ ಕಲ್ನಾರಿನ ಬಹುಭಾಗ ಬೇರೆ ಖನಿಜವಾಗಿ ಮಾರ್ಪಡುತ್ತದೆಂಬುದು ನಿಜ. ಉಳಿದ ಸ್ವಲ್ಪಕ್ಕೆ ಇಷ್ಟರವರೆಗೆ ನಿರಪಾಯವೆಂಬ ಮಿತಿಯನ್ನು ಯಾರೂ ಕಂಡುಹಿಡಿದಿಲ್ಲ. ಇಂದು ಕಲ್ನಾರಿಲ್ಲದ ಲೈನಿಂಗುಗಳು ಧಾರಾಳವಾಗಿ ದೊರೆಯುತ್ತವೆ. ಆದರೆ ಹಳೆಯ ಕಾರಿನೊಳಗೆ ಯಾವುದಿದೆಯೆಂದು ಕಣ್ಣಿನಿಂದ ನೋಡಿ ಹೇಳಲಾಗದು.

ನಮ್ಮ ತರುಣರ ಕಾರಿನ ಗೇರ್ ಬಾಕ್ಸನ್ನು ಇಳಿಸಿದಾಗ ನಾವೂ ಅಲ್ಲಿದ್ದೆವು. ಇಪ್ಪತ್ತರ ಹರೆಯದ ಹುಡುಗನೊಬ್ಬ ಮುಖವನ್ನು ಹತ್ತಿರಕ್ಕೊಯ್ದು, ಟೈರಿಗೆ ಗಾಳಿ ತುಂಬುವ ಕೊಳವೆಯಿಂದಲೇ ಆ ಧೂಳನ್ನು ಊದಿದನು. ಷೆಡ್ಡೆಲ್ಲ ಮಬ್ಬಾಯಿತು. ಗಾಳಿಯ ಬದಲು ಒದ್ದೆ ಬಟ್ಟೆಯಿಂದ ಒರಸಬಾರದೇ ಎಂದು ನಾವು ಮೆಕ್ಯಾನಿಕರನ್ನು ಕೇಳಿದೆವು. "ಇಪ್ಪತ್ತು ವರ್ಷದಿಂದ ಹೀಗೇ ಊದ್ತಾ ಇದೀನಿ ಮೇಷ್ಟ್ರೇ, ನನಗೇನಾಗಿದೆ?" ಎಂದು ಅವರು ನಕ್ಕರು. ಕಲ್ನಾರಿನ ರೋಗಗಳು ತಲೆದೋರಲು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ವರ್ಷ ಹಿಡಿಯುತ್ತದೆಂದು ನಾವು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನನ್ನು ಕರೆದು, ನಲ್ಲಿಯಿಂದ ಒಂದು ಬಕೆಟ್ ನೀರು ಹಿಡಿದು ತರಲು ಹೇಳಿದರು.