ತಾತನವರ ಕಡತ

ಚಾಂಪಿಯನ್ ರೀಫ್ಸ್ ಗಣಿಯಲ್ಲಿ ದುಡಿದ ನನ್ನ ತಾತನವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ, ತಮ್ಮ ನೆನಪುಗಳನ್ನು ಬಂಗಾರಪೇಟೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಬರೆಯಿಸಿಟ್ಟಿದ್ದರು. ಅವರೀಗಿಲ್ಲ. ಮನೆಯಲ್ಲಿ ಕಾಲೇಜು ಕಂಡ ಮೊದಲಿಗನಾದ ನಾನು ಮೊನ್ನೆ ಆ ಕಡತವನ್ನು ತೆರೆದರೆ, ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು!

ಕಾರಣವಿಷ್ಟೆ: ಹಿಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದಿದ್ದರೆ ಬರಹವೂ ಇಲ್ಲ. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನವನ್ನಿತ್ತಿತು. ಒಮ್ಮೆ ಕೊಟ್ಟ ಸ್ಥಾನವನ್ನು ಕದಲಿಸುವುದಿಲ್ಲವೆಂಬುದು ಇಂದು ಅದರ ನಿಯಮ.

ಈ ಪಾಡು ಕನ್ನಡದ್ದಷ್ಟೇ ಅಲ್ಲ. 2008ರಲ್ಲಿ ಪೈಥಾನ್ ಎಂಬ ಗಣಕಭಾಷೆಯ ಮೂರನೆಯ ಆವೃತ್ತಿ ಬಂದಾಗ ಹಳೆಯ ಪ್ರೋಗ್ರಾಮುಗಳೆಷ್ಟೋ ಅದರಲ್ಲಿ ನಡೆಯದಾದವು. ಆದರೂ ಎರಡನೆಯದನ್ನು 2020ರ ಆರಂಭದವರೆಗೆ ಪೋಷಿಸಿದರು. ಅದರ ಪರವಾನಗಿ ಮುಕ್ತವಾದುದರಿಂದ ಬೇಕಾದವರು ಇಂದಿಗೂ ಅದನ್ನು ತಿದ್ದಿ ಉಳಿಸಿಕೊಳ್ಳಬಹುದು.

ಪುಕ್ಕಟೆ ಸಿಕ್ಕಿದ್ದೆಲ್ಲ ಸ್ವತಂತ್ರವಲ್ಲ. ತಾತನವರ ಮಾತನ್ನು ನನಗೆ ಮರಳಿಸಿದ್ದು, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ತೆರೆದಿಟ್ಟ ಒಂದು ಪರಿವರ್ತಕ. ಆದ್ದರಿಂದ ನನ್ನ ಅಭಿಪ್ರಾಯವಿದು: ಸಾರ್ವಜನಿಕರ ಹಣದಿಂದಾಗುವ ಕನ್ನಡ ತಂತ್ರಾಂಶದ ಒಳಗುಟ್ಟು ಸಾರ್ವಜನಿಕರದಾಗಿರಲಿ, ಹೊಸದು ಬಂದಾಗ ಹಳೆಯದನ್ನು ಓದುವ ದಾರಿಯನ್ನೂ ಜೊತೆಗೇ ತರಲಿ. ಗಣಿ ಮುಚ್ಚಿದ ಊರಿನವರಿಗೆ ಉಳಿದಿರುವುದು ನೆನಪೊಂದೇ. ಅದಕ್ಕೂ ಬೀಗ ಬೀಳಬಾರದು.